ಮುಚ್ಚಿದ ನೆತ್ತಿ

ಪರದೆಯ ಮೇಲೆ ತಿರುಗುತ್ತಿದ್ದ ತಲೆ ತನ್ನ ಮೊಮ್ಮಗಳದ್ದಲ್ಲ ಎಂದು ಪುಟ್ಟಲಕ್ಷ್ಮಿಗೆ ಮೊದಲ ನೋಟಕ್ಕೇ ಅನ್ನಿಸಿತು. ಮಿದುಳಿನಲ್ಲಿ ನೀರು ತುಂಬಿದ್ದ ಐದು ತಿಂಗಳ ಕೂಸು ಅವಳ ಮಡಿಲಲ್ಲೇ ಮಲಗಿತ್ತು. ತಲೆಯೊಳಗಿನ ಒತ್ತಡದ ಈ ಕಂಪ್ಯೂಟರ್ ಲೆಕ್ಕ ನೋಡಿಕೊಂಡು, ನೀರು ಇಳಿಸುವ ಕೊಳವೆಯನ್ನು ಯಾವಾಗ ಹಾಕುವುದೆಂದು ಡಾಕ್ಟರು ಸಂಜೆ ಹೇಳುವವರಿದ್ದರು. ಸಹಿ ಹಾಕಿಸಿಕೊಂಡ ಆಸ್ಪತ್ರೆಯವರು ಕೂಸಿನ ಮೇಲೆ ಏನೋ ಪ್ರಯೋಗ ಮಾಡುತ್ತಿದ್ದಾರೆ ಎಂಬ ಗುಮಾನಿ ಅವಳಿಗೆ ಹೊಳೆಹೊನ್ನೂರಿನ ಬಸ್ಸು ಇಳಿದಾಗಿನಿಂದಲೂ ಇತ್ತು.

"ಕೆಂಪಗಿರೋ ಕಡೆಯೆಲ್ಲ ಒತ್ತಡ ಜಾಸ್ತಿ ಅಮ್ಮ," ಎಂದ ಆ ಲೆಕ್ಕ ಮಾಡಿದ್ದ ಎಂಜಿನಿಯರ್ ಆಕರ್ಷ. "ನಿಮ್ಮ ಪಾಪುದೇ ಸ್ಕ್ಯಾನಿಂದ ಮಾಡಿದ್ದು ಇದು."

"ಬೇರೆ ಯಾರದ್ದೋ ತೋರಿಸ್ತಿದೀರ."

"ಹೆಸರು ನೋಡಿ, ಇಲ್ಲೇ ಇದೆ."

"ಹೆಸರು ಯಾರು ಬೇಕಾದ್ರೂ ಬರೀಬಹುದು." ಅವಳು ಪರದೆಯ ಹತ್ತಿರಕ್ಕೆ ಬಗ್ಗಿದಳು. "ಇದಕ್ಕೆ ನೆತ್ತಿ ಎಲ್ಲಿ?"

"ಇದೇ ಅಲ್ವಾ, ಮೇಲ್ಗಡೆ."

"ಅಲ್ಲ ಮಾರಾಯ, ನಾನು ದಿನಾ ಹರಳೆಣ್ಣೆ ಒತ್ತೋ ನೆತ್ತಿ. ನಮ್ಮ ಕೂಸಿಗೆ ಅದಿನ್ನೂ ಕೂಡಿಲ್ಲ." ಅವಳು ಅವನ ಬೆರಳು ಹಿಡಿದೆಳೆದು ಮಗುವಿನ ತಲೆಯ ಮೇಲಿಟ್ಟಳು. ಎಣ್ಣೆ ಜಿಡ್ಡಿನ ಕೂದಲ ಕೆಳಗೆ ಮೂಳೆ ಇರಲಿಲ್ಲ. ಉಬ್ಬಿದ ಮೆತ್ತನೆಯ ಜಾಗವೊಂದು ಅವನ ಬೆರಳನ್ನು ಮೇಲಕ್ಕೆ ತಳ್ಳುತ್ತ ಮಿಡಿಯುತ್ತಿತ್ತು.

ಆಕರ್ಷ ಬೆರಳು ತೆಗೆಯಲಿಲ್ಲ. ಇನ್ನೊಂದು ಕೈಯಲ್ಲಿ ಫೋನ್ ಎತ್ತಿಕೊಂಡು ಡಾಕ್ಟರಿಗೆ ಹೇಳಿದ: "ಮೇಡಂ, ನನ್ನ ಲೆಕ್ಕ ನೋಡ್ಬೇಡಿ. ತಲೆಬುರುಡೆ ಮೇಲೊಂದು ತೂತು ಕಾಣಿಸಿತ್ತು. ಸ್ಕ್ಯಾನಿನ ತಪ್ಪು ಅಂದ್ಕೊಂಡು ನಾನೇ ಮುಚ್ಚಿಬಿಟ್ಟೆ."