ಫಸ್ಟ್ ಕಾಪಿ ಅಳಿಯ

ಮುಚ್ಚಳ ಬಿಚ್ಚಿದ ಕೂಡಲೇ ವಾಚ್ ರಿಪೇರಿಯವನು ಮುಖ ಸಿಂಡರಿಸಿದ. ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆದು ಒರೆಸಿ ಮತ್ತೆ ನೋಡಿದ. ಅನುಮಾನವೇ ಇಲ್ಲ. ತಿರುಪುಗಳ ತಲೆ ಒರಟು, ಚಕ್ರಗಳ ಅಂಚನ್ನು ಯಾರೂ ತಿಕ್ಕಿ ನಯ ಮಾಡಿಲ್ಲ, ಮೇಲೆ ಮಾತ್ರ ಸ್ವಿಸ್ ಎಂದು ಸೊಟ್ಟ ಅಕ್ಷರ. ಏಷ್ಯನ್ ಮಿಷನ್. ಏಷ್ಯಾದಲ್ಲಿ ಒಳ್ಳೆಯ ಮಿಷನ್ ಮಾಡುವವರೂ ಇದ್ದಾರೆ, ಅವರು ತಮ್ಮ ಹೆಸರನ್ನೇ ಹಾಕಿಕೊಳ್ಳುತ್ತಾರೆ. ಇದು ಮಾತ್ರ ಇನ್ನೊಬ್ಬರ ಹೆಸರು ಹೊತ್ತುಕೊಂಡು ತಿರುಗುವ ದರಿದ್ರ.

"ಇದು ಯಾರದು ಅಂದ್ರಿ?"

"ನಮ್ಮ ತಂದೇದು ಸರ್. ಹೋಗೋವರೆಗೂ ಕೈಯಿಂದ ಬಿಚ್ಚಿದವರಲ್ಲ," ಎಂದ ಎದುರಿಗೆ ನಿಂತ ಹುಡುಗ. "ಈಗೀಗ ಯಾಕೋ ತುಂಬಾ ಫಾಸ್ಟ್ ಹೋಗ್ತಿದೆ. ಮದುವೆ ದಿನ ಇದನ್ನೇ ಕಟ್ಕೋಬೇಕು ಅಂತ ಆಸೆ."

ಮದುವೆ ರಿಪೇರಿಯವನ ಮಗಳ ಜೊತೆಗೆ. ಹುಡುಗನನ್ನು ಮಗಳೇ ಆರಿಸಿಕೊಂಡಿದ್ದಳು. ಎಲ್ಲಿ, ಹೇಗೆ ಎಂದು ಅಪ್ಪ ಕೇಳಿರಲಿಲ್ಲ. ಮಗಳ ಬಾಯಿಂದ ಅಂಥದ್ದನ್ನೆಲ್ಲ ಹೊರಡಿಸುವುದು ಅವನಿಗೆ ಮುಜುಗರ. ಇರುವವಳು ಒಬ್ಬಳೇ ಮಗಳು, ಅವಳು ಮನೆತುಂಬ ನಗುತ್ತಾ ಓಡಾಡುತ್ತಿದ್ದಳು, ಅವನಿಗೆ ಅಷ್ಟೇ ಸಾಕಾಗಿತ್ತು.

ಈಗ ನೋಡಿದರೆ ಇದು. ಫಸ್ಟ್ ಕಾಪಿ ಎನ್ನುವ ನಕಲಿ ವಾಚು ಕಟ್ಟಿಕೊಂಡು ಶೋಕಿ ಮಾಡುವವರನ್ನು ಅವನು ದಿನಾ ನೋಡುತ್ತಿದ್ದ. ಆದರೆ ಸತ್ತ ಅಪ್ಪನನ್ನು ಆ ಸುಳ್ಳಿಗೆ ಸಾಕ್ಷಿ ಕರೆದವನನ್ನು ಇದೇ ಮೊದಲು ಕಂಡದ್ದು. ಥೂ.

ಗಾಜಿನ ಅಡ್ಡಗೋಡೆಯ ಆಚೆ, ಅಂಗಡಿಯ ಮುಂಭಾಗದಲ್ಲಿ, ಅವನ ಬಾಮೈದ ಒಬ್ಬ ಗಿರಾಕಿಗೆ ಪಾಠ ಹೇಳುತ್ತಿದ್ದ.

"ಫಸ್ಟ್ ಕಾಪೀಲಿ ಎರಡು ಥರ ಸರ್. ಏಷ್ಯನ್ ಮಿಷನ್ ಹಾಕಿದ್ದು, ಸ್ವಿಸ್ ಮಿಷನ್ ಹಾಕಿದ್ದು. ಅಳತೆ ಎರಡಕ್ಕೂ ಒಂದೇ, ಹೊರಗಿಂದ ದೇವರಿಗೂ ಗೊತ್ತಾಗಲ್ಲ. ಆದ್ರೆ ಸೆಕೆಂಡ್ ಮುಳ್ಳು ನೋಡಿ. ಏಷ್ಯನ್ ಮುಗ್ಗರಿಸುತ್ತೆ, ಸ್ವಿಸ್ ಬೆಣ್ಣೆ ಮೇಲೆ ಜಾರುತ್ತೆ. ಬಾಳಿಕೆ ಬೇಕು ಅಂದ್ರೆ ಸ್ವಿಸ್‌ದೇ ತಗೊಳ್ಳಿ."

ಈ ವ್ಯಾಪಾರ ಕಂಡರೆ ರಿಪೇರಿಯವನಿಗೆ ಮೈ ಉರಿಯುತ್ತಿತ್ತು. ಸುಳ್ಳು ಡಬ್ಬಿಯೊಳಗೆ ನಿಜವಾದ ಮಿಷನ್ ಕೂರಿಸುವುದು ಅವನ ಕಣ್ಣಿಗೆ ಇನ್ನೂ ದೊಡ್ಡ ಹೇಸಿಗೆ. ಅಂಥ ಮಿಷನ್ ಎಲ್ಲಿ ಸಿಗುತ್ತೋ ಎಂದು ಒಮ್ಮೆ ಗೊಣಗಿದ್ದಕ್ಕೆ, "ಪಾರ್ಟಿ ಇದ್ದಾರೆ ಬಿಡಿ ಭಾವ," ಎಂದು ಬಾಮೈದ ಹಲ್ಲು ಕಿರಿದಿದ್ದ. ಹೆಂಡತಿಯ ತಮ್ಮ. ಒಂದು ಮಾತು ಆಡಿದರೆ ಮನೆಯಲ್ಲಿ ವಾರಗಟ್ಟಲೆ ಮುಖ ಊದಿರುತ್ತದೆ. ಆ ಕೊಳೆ ಗಾಜು ದಾಟಿ ತನ್ನ ಮೇಜಿಗೆ ಬರದಿದ್ದರೆ ಸರಿ ಎಂದು ಅವನು ಸುಮ್ಮನಾಗಿದ್ದ.

ಅದು ಇವತ್ತು ಅಳಿಯನ ಕೈಗೆ ಕಟ್ಟಿಕೊಂಡು ಬಂದಿತ್ತು.

ಹುಡುಗ ಕೈಯಿಂದ ವಾಚು ಬಿಚ್ಚಿ ಕೊಟ್ಟಾಗ ಬಾಮೈದನೇ ಓಡಿ ಬಂದು ಕೈ ಚಾಚಿದ್ದ. "ಕೊಡಿ ಭಾವ, ನಾನು ನೋಡ್ತೀನಿ. ಆಪರೇಷನ್ ಆದ ಕಣ್ಣು, ಯಾಕೆ ಸುಮ್ನೆ ತ್ರಾಸ?" ರಿಪೇರಿಯವನು ಕೊಟ್ಟಿರಲಿಲ್ಲ. ಅಳಿಯನ ವಾಚನ್ನು ಬೇರೆಯವರ ಕೈಗೆ ಕೊಡುವುದುಂಟೇ? ಮೇಲುಮೇಲೆ ಕಣ್ಣಾಡಿಸದೆ ನೇರ ಹಿಂಬದಿ ಬಿಚ್ಚಿದ್ದ. ಡಯಲ್ಲು, ಕೇಸು, ಪಟ್ಟಿ ಇವೆಲ್ಲ ಗಿರಾಕಿಗಳು ಮರುಳಾಗುವ ಜಾಗ. ಅವನ ತೀರ್ಪೆಲ್ಲ ಮಿಷನ್ ನೋಡಿಯೇ.

"ಇದು ಡೂಪ್ಲಿಕೇಟು," ಎಂದ.

ಹುಡುಗ ನಕ್ಕ. ತಮಾಷೆ ಅಂದುಕೊಂಡಿರಬೇಕು. ಆಮೇಲೆ ನಗು ಇಳಿಯಿತು. "ಇರೋಕೆ ಸಾಧ್ಯವೇ ಇಲ್ಲ ಸರ್."

"ನನ್ನ ಕೂದಲು ಬೆಳ್ಳಗಾಗಿದ್ದು ಇದೇ ಮೇಜಿನ ಮುಂದೆ ಕಣಪ್ಪ. ವಾಚಿನ ಬಗ್ಗೆ ಸುಳ್ಳು ಹೇಳೋನು ನಾಳೆ ನನ್ನ ಮಗಳಿಗೆ ಇನ್ನೇನೇನು ಹೇಳ್ತೀಯೋ."

"ಸರ್, ಒಂದು ನಿಮಿಷ. ಇದನ್ನ ಹೋದ ವರ್ಷ..."

"ಏನ್ರೀ ನಿಮ್ಮ ವಾದ?" ಬಾಮೈದ ಗಿರಾಕಿಯನ್ನು ನಡುವೆಯೇ ಬಿಟ್ಟು ಒಳಗೆ ನುಗ್ಗಿದ. "ಭಾವ ಬಿಚ್ಚಿ ನೋಡಿ ಹೇಳಿದ ಮೇಲೆ ಮುಗೀತು. ಮರ್ಯಾದೆಯಾಗಿ ಎದ್ದು ಹೋಗಿ. ಭಾವ, ವಾಚಿಗೆ ತಕ್ಕ ಹಾಗೆ ಅಳಿಯನೂ ಫಸ್ಟ್ ಕಾಪಿ. ಇಂಥವನಿಗೆ ನಮ್ಮ ಹುಡುಗೀನ ಕೊಡೋದು ಬೇಡವೇ ಬೇಡ."

ನಕಲಿ ಮಾರುವವನು ನೀತಿ ಹೇಳುವುದನ್ನು ಕೇಳಿ ಬೇರೆ ದಿನವಾಗಿದ್ದರೆ ರಿಪೇರಿಯವನಿಗೆ ನಗು ಬರುತ್ತಿತ್ತು. ಇವತ್ತು ಹೌದೆನಿಸಿತು. ಮುಚ್ಚಳ ಒತ್ತಿ ಕೂರಿಸಿ, ಸತ್ತ ಜಿರಲೆಯನ್ನು ತಳ್ಳುವ ಹಾಗೆ ಚಿಮಟದ ತುದಿಯಿಂದ ವಾಚನ್ನು ತಳ್ಳಿದ. ಹುಡುಗ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಇಟ್ಟುಕೊಂಡು ಮೆಟ್ಟಿಲಿಳಿದ.

ಕೋಪ ಆರುವ ಮೊದಲೇ ರಿಪೇರಿಯವನು ಹುಡುಗನ ತಾಯಿಗೆ ಫೋನ್ ಮಾಡಿದ. ಈ ಸಂಬಂಧ ಬೇಡ ಎಂದ. ಯಾಕೆ ಎಂದು ಆಕೆ ಕೇಳಿದಾಗ, ನಿಮ್ಮ ಮಗನನ್ನೇ ಕೇಳಿ ಎಂದು ಇಟ್ಟುಬಿಟ್ಟ. ಆಮೇಲೆ ಸೋಪು ಹಚ್ಚಿ ಕೈ ತೊಳೆದುಕೊಂಡ.

ಮಗಳು ಬಂದಾಗ ಬಾಮೈದ ಊಟಕ್ಕೆಂದು ಹೊರಟುಹೋಗಿದ್ದ. ಅವಳ ಕಣ್ಣು ಕೆಂಪಗಿತ್ತು.

"ಅವರಮ್ಮ ಫೋನಲ್ಲಿ ಅಳ್ತಿದ್ರು ಅಪ್ಪ."

"ಅಳಲಿ. ಅವನ ವಾಚಿನ ಹೊಟ್ಟೆಯೊಳಗೆ ಏನಿದೆ ಅಂತ ಗೊತ್ತಾ ನಿನಗೆ? ಕಸ."

"ಅವರು ನಂಗೆ ಎಲ್ಲಿ ಸಿಕ್ಕಿದ್ರು ಅಂತ ನೀವು ಒಂದು ದಿನಾನೂ ಕೇಳಲಿಲ್ಲ."

"ಎಲ್ಲಿ ಸಿಕ್ಕಿದ್ರೆ ಏನಂತೆ?"

"ಇಲ್ಲೇ ಸಿಕ್ಕಿದ್ದು. ನಿಮ್ಮ ಕಣ್ಣಿನ ಆಪರೇಷನ್ ಆದಾಗ ಅಂಗಡೀಲಿ ನಾನು ಕೂತಿದ್ದೆನಲ್ಲ, ಆಗ ಆ ವಾಚನ್ನ ಸರ್ವಿಸಿಗೆ ತಂದಿದ್ರು. ಸೆಕೆಂಡ್ ಮುಳ್ಳು ಬೆಣ್ಣೆ ಮೇಲೆ ಜಾರಿದ ಹಾಗೆ ಓಡ್ತಿತ್ತು. ನಾನೇ ಅವರ ಕೈಯಿಂದ ಇಸ್ಕೊಂಡು, ಬಿಚ್ಚಿ ನೋಡಿ ಅಂತ ಮಾವನಿಗೆ ಕೊಟ್ಟೆ."