ಮೆಟ್ಟಿಲ ಮೇಲಿನ ಹುಡುಗ

“ಅಗೋ, ನಮ್ಮ ಲಮ್ಜದ್!” ಎಂದು ಮಬ್ರೂಕಾ ಕತ್ತಲಲ್ಲಿ ಕೂಗಿಯೇಬಿಟ್ಟಳು. ಪರದೆಯ ಮೇಲೆ ಎಂಟು ವರ್ಷದ ಹುಡುಗನೊಬ್ಬ ಮೆಟ್ಟಿಲ ಮೇಲೆ ಕೂತು, ರೆಪ್ಪೆ ಹೊಡೆಯದೆ ನೇರವಾಗಿ ಜನರನ್ನೇ ನೋಡುತ್ತಿದ್ದ. ಆ ನೋಟಕ್ಕೆ ಉಸಿರು ಬಿಗಿಹಿಡಿದಿದ್ದ ಟ್ಯೂನಿಸ್ಸಿನ ಚಿತ್ರಮಂದಿರ ಒಮ್ಮೆಲೇ ಹೊರಳಿ ಮುದುಕಿಯನ್ನು ನೋಡಿತು. “ಹಾಜ್ಜಾ, ಸ್ವಲ್ಪ ಮೆಲ್ಲಗೆ. ನಮಗೆ ಹೆದರೋಕಾದ್ರೂ ಬಿಡಿ,” ಎಂದರು ಹಿಂದಿನ ಸಾಲಿನವರು ಯಾರೋ.

ಪಕ್ಕದಲ್ಲಿ ಮಗ ಲಸ್ಸಾದ್ ತೂಕಡಿಸುತ್ತಿದ್ದ. ಬೆಳಗಿನಿಂದ ತಮ್ಮೂರು ಸೂಸ್‌ಗೂ ಟ್ಯೂನಿಸ್ಸಿಗೂ ನಡುವೆ ಎರಡು ಸಲ ಬಾಡಿಗೆ ವ್ಯಾನ್ ಓಡಿಸಿ ಬಂದವನು. ಬೆನ್ನು ಕುರ್ಚಿಗೆ ತಗಲಿದ್ದೇ ಕಣ್ಣು ಎಳೆಯುತ್ತಿತ್ತು. ಅಮ್ಮನ ಕೂಗಿಗೆ ನಿದ್ದೆ ಹಾರಿತು. ಮೆಟ್ಟಿಲ ಮೇಲೆ ಕೂತಿದ್ದದ್ದು ಅವಳಿ ತಮ್ಮ ಲಮ್ಜದ್ ಅಲ್ಲ. ತಾನು.

ಮೂವತ್ತೊಂಬತ್ತು ವರ್ಷದ ಹಿಂದೆ ಸೂಸ್‌ನ ಹಳೇ ಊರಿನ ಒಂದು ಮನೆಯಲ್ಲಿ ತೆಗೆದ ಚಿತ್ರ. ಶುರುವಾಗುವುದೇ ಸಾವಿನಿಂದ. ಅವಳಿಗಳಲ್ಲಿ ಒಬ್ಬ ಸಾಯುತ್ತಾನೆ; ಸತ್ತದ್ದು ಯಾರು ಅಂತ ಮನೆಯವರಿಗೆ ತಿಳಿಯುವುದಿಲ್ಲ; ದಿನ ಕಳೆದ ಹಾಗೆ, ಸತ್ತದ್ದು ತಾನೇ ಇರಬೇಕು ಅಂತ ಉಳಿದವನಿಗೂ ಅನಿಸತೊಡಗುತ್ತದೆ. ಒಂದೇ ಮುಖದ ಎರಡು ಹುಡುಗರು ಬೇಕು ಎಂದು ನಿರ್ದೇಶಕ ಹುಡುಕಿಕೊಂಡು ಬಂದಿದ್ದ. ಮಬ್ರೂಕಾ ಆಗ ಹೋಟೆಲೊಂದರಲ್ಲಿ ಹಾಸಿಗೆಯ ಬಟ್ಟೆ ಒಗೆಯುತ್ತಿದ್ದಳು. ಚಿತ್ರೀಕರಣಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದು ಅವಳ ನಾದಿನಿ. ಕತೆ ಏನೆಂದು ಆಮೇಲೆ ತಿಳಿದಾಗ ಮಬ್ರೂಕಾ ಎದೆ ಬಡಿದುಕೊಂಡಿದ್ದಳು. ಅಂದಿನಿಂದ ಮನೆಯಲ್ಲಿ ಆ ಚಿತ್ರ ನೋಡುವಂತಿರಲಿಲ್ಲ, ಅದರ ಮಾತೆತ್ತುವಂತಿರಲಿಲ್ಲ.

ಹೋದ ಚಳಿಗಾಲದಲ್ಲಿ ಲಮ್ಜದ್ ನಿಜವಾಗಿಯೂ ಹೋಗಿಬಿಟ್ಟ. ಮೂತ್ರಪಿಂಡದ ಕಾಯಿಲೆ. ಚಿತ್ರಕ್ಕೆ ಹೊಸ ಪ್ರತಿ ತೆಗೆದಿದ್ದೇವೆ, ಬನ್ನಿ ಎಂದು ಟ್ಯೂನಿಸ್ಸಿನಿಂದ ಫೋನು ಬಂದಾಗ ಲಸ್ಸಾದ್ ಬೇಡವೆನ್ನುವವನಿದ್ದ. ಮಬ್ರೂಕಾ ಒಂದೇ ಮಾತು ಕೇಳಿದಳು: “ಅದರಲ್ಲಿ ಅವನು ಓಡಾಡ್ತಾನಾ?”

ಮನೆಯಲ್ಲಿದ್ದದ್ದೆಲ್ಲ ಫೋಟೋಗಳು, ಅದೂ ನಾಲ್ಕೋ ಐದೋ. “ಓಡಾಡ್ತಾನಮ್ಮಾ,” ಎಂದಿದ್ದ ಲಸ್ಸಾದ್, ಯೋಚಿಸದೆ. ಆಡಿದ ಮೇಲೆ ನೆನಪಾಗಿತ್ತು. ಚಿತ್ರೀಕರಣದ ಅಷ್ಟೂ ದಿನ ಲಮ್ಜದ್‌ಗೆ ಜ್ವರ. “ಇವನು ಹೇಗೂ ಮಲಗೇ ಇದಾನೆ, ಸತ್ತವನು ಇವನೇ ಆಗಲಿ,” ಎಂದು ನಿರ್ದೇಶಕ ಅವನನ್ನು ಮಂಚಕ್ಕೆ ಹಾಕಿಸಿ, ಲಸ್ಸಾದ್‌ನನ್ನು ಮೆಟ್ಟಿಲಿಗೆ ಅಟ್ಟಿದ್ದ. ತಣ್ಣನೆಯ ಕಲ್ಲು, ಬೆಳಗಿನಿಂದ ಹೊತ್ತು ಮುಳುಗುವವರೆಗೆ. ರೆಪ್ಪೆ ಹೊಡೆದರೆ ಮತ್ತೆ ಮೊದಲಿಂದ. ಜಗತ್ತು ದೆವ್ವದ ನೋಟ ಎಂದು ಬೆಚ್ಚಿದ್ದು, ಯಾವಾಗ ಮನೆಗೆ ಬಿಡುತ್ತಾರೋ ಎಂದು ಕಾದು ಕಾದು ಸೋತ ಕಣ್ಣುಗಳನ್ನು ನೋಡಿ.

ಪರದೆಯ ಮೇಲೆ ಈಗ ಮಂಚ ಬಂತು. ಬಿಳಿ ಹೊದಿಕೆ, ಅದರೊಳಗಿಂದ ಮೇಣದಂಥ ಪುಟ್ಟ ಮುಖ. ಮಬ್ರೂಕಾ ತಟ್ಟನೆ ಮುಖ ತಿರುಗಿಸಿ ಮಗನ ಮುಂಗೈ ಹಿಡಿದುಕೊಂಡಳು. “ಇದು ನೀನು. ನನ್ನ ಕೈಲಿ ನೋಡೋಕಾಗಲ್ಲಪ್ಪ.”

“ಅಮ್ಮಾ...”

“ಏನೋ?”

ಪರದೆಯ ಬೆಳಕಿನಲ್ಲಿ ಅವಳ ಕೆನ್ನೆ ಹೊಳೆಯುತ್ತಿತ್ತು. ಎಷ್ಟು ತಿಂಗಳಾಗಿತ್ತು ಆ ಮುಖ ಅಷ್ಟು ಸಡಿಲವಾಗಿ. ಈ ಮಂಚದ ಮೇಲಿರುವವನೇ ಲಮ್ಜದ್ ಎಂದರೆ, ಹೋದ ಚಳಿಗಾಲದಲ್ಲಿ ಕಂಡದ್ದನ್ನೇ ಮತ್ತೆ ತೋರಿಸಲು ಇಷ್ಟು ದೂರ ಕರೆತಂದ ಹಾಗಾಗುತ್ತದೆ.

“ಏನಿಲ್ಲ. ಆ ಕಡೆ ನೋಡು, ಅವನು ಮೆಟ್ಟಿಲು ಇಳೀತಿದಾನೆ.”

“ಅಯ್ಯೋ ನನ್ನ ಬಂಗಾರ! ಆ ನಡಿಗೆ ನೋಡು. ಒಂಚೂರೂ ಬದಲಾಗಿಲ್ಲ,” ಎಂದಳು ಮಬ್ರೂಕಾ.

ಚಿತ್ರ ಮುಗಿದು ದೀಪಗಳು ಹತ್ತಿದವು. ಕಾರ್ಯಕ್ರಮ ನಡೆಸುತ್ತಿದ್ದ ಹುಡುಗಿ ಮೈಕು ಹಿಡಿದು ಇವರ ಸಾಲಿಗೇ ಬಂದಳು. “ನಮ್ಮ ಅಪ್ಪ ಅಮ್ಮನ ಕಾಲದಿಂದ ಎಲ್ಲರ ನಿದ್ದೆ ಕೆಡಿಸಿದ ಕಣ್ಣು ಅವು. ಹೇಳಿ ಸರ್, ಮೆಟ್ಟಿಲ ಮೇಲಿದ್ದ ಹುಡುಗ ನೀವೇ ತಾನೆ?”

ವ್ಯಾನಿನಲ್ಲಿ ಮುಂದಿನ ಸೀಟಿಗೆ ಬಂದು ಕೂತವರಿಗೆಲ್ಲ ಲಸ್ಸಾದ್ ಹೇಳಿಕೊಂಡಿದ್ದು ಇದೊಂದನ್ನೇ. ಹೆಂಡತಿಯಾಗುವವಳನ್ನು ಮೊದಲ ಸಲ ಕಂಡಾಗ ಹೇಳಿದ್ದೂ ಇದನ್ನೇ. ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಬೇರೆ ಏನೂ ಅವನಿಗಿರಲಿಲ್ಲ. ಮಬ್ರೂಕಾ ತಲೆಯ ಮೇಲಿನ ಬಿಳಿ ವಸ್ತ್ರ ಸರಿಪಡಿಸಿಕೊಂಡು ಅವನ ಬಾಯಿಯನ್ನೇ ನೋಡುತ್ತಿದ್ದಳು.

“ಅಲ್ಲಮ್ಮ,” ಎಂದ ಲಸ್ಸಾದ್. “ಅದು ನನ್ನ ತಮ್ಮ. ಲಮ್ಜದ್ ಅಂತ. ಈಗಿಲ್ಲ.”

ಹುಡುಗಿ ಮೈಕು ಕೆಳಗಿಳಿಸಿದಳು. ಆಮೇಲೆ ಯಾರೋ ಎದ್ದು ನಿಂತರು. ನೋಡನೋಡುತ್ತ ಸಾಲು ಸಾಲೇ ಎದ್ದು ಚಪ್ಪಾಳೆ ತಟ್ಟಿತು. ಇಲ್ಲದವನಿಗಾಗಿ ಬಿದ್ದ ಆ ಚಪ್ಪಾಳೆಯನ್ನು ಮಬ್ರೂಕಾ ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸಿ ತೆಗೆದುಕೊಂಡಳು. ನಡುವೆ ಮಗನ ಬಾಡಿದ ಮುಖ ಕಣ್ಣಿಗೆ ಬಿತ್ತೇನೋ, ಅವನ ಕಿವಿಯ ಹತ್ತಿರ ಬಾಗಿದಳು.

“ಬೇಜಾರು ಮಾಡ್ಕೋಬೇಡ ಕಣೋ. ಸತ್ತವನಾಗಿ ನೀನೂ ಚೆನ್ನಾಗೇ ಮಾಡಿದೀಯ.”