ಹನ್ನೆರಡು ಹೆಬ್ಬೆಟ್ಟು

ಹನ್ನೆರಡನೆಯ ಚೀಟಿಯೂ ಅದೇ ಮಾತು ಹೇಳಿದಾಗ ಆಟದ ಟೀಚರ್ ಮಂಜುಳಾ ಅದನ್ನು ಹೆಡ್‌ಮಾಸ್ತರರ ಮೇಜಿನ ಮೇಲೆ ಬಡಿದೇ ಇಟ್ಟಳು. ‘ನನ್ನ ಮಗಳಿಗೆ ಖೋ-ಖೋ ಬೇಡ. ಆ ಜಾಗಕ್ಕೆ ಸಿಮೆಂಟ್ ಹಾಕಿಸಿರಿ.’ ಕೆಳಗೆ ತಾಯಿಯ ಹೆಸರು, ಪಕ್ಕದಲ್ಲಿ ನೀಲಿ ಹೆಬ್ಬೆಟ್ಟು. ಹನ್ನೆರಡು ಹುಡುಗಿಯರ ತಂಡ, ಹನ್ನೆರಡು ತಾಯಂದಿರು, ಹನ್ನೆರಡೂ ‘ಬೇಡ’.

ಮುನವಳ್ಳಿ ಕಡೆಯ ಆ ಹೈಸ್ಕೂಲಿನ ಕ್ರೀಡಾಂಗಣ ಹಾಳುಬಿದ್ದು ಎಷ್ಟು ವರ್ಷವಾಯಿತೋ, ನೆನಪಿಟ್ಟವರಿಲ್ಲ. ಈಗ ದುರಸ್ತಿಗೆ ಮಂಜೂರಾತಿ ಬಂದಿತ್ತು, ಊರವರನ್ನು ಕೇಳಿಯೇ ಕೆಲಸ ಶುರು ಮಾಡಬೇಕೆಂಬ ಷರತ್ತಿನೊಂದಿಗೆ. ಕೇಳಿದ್ದೇ ತಡ, ಊರಿಗೆ ಊರೇ ಬಾಯಿ ತೆರೆಯಿತು. ಒಬ್ಬರಿಗೆ ವಾಕಿಂಗ್ ಹಾದಿ ಬೇಕು, ಇನ್ನೊಬ್ಬರಿಗೆ ಬೋರ್‌ವೆಲ್ ಬೇಕು. ಒಬ್ಬ ಪುಣ್ಯಾತ್ಮನಂತೂ ಸುಗ್ಗಿಯಲ್ಲಿ ಗೋವಿನಜೋಳ ಒಣಹಾಕಲು ಅನುಕೂಲವಾಗುವಂತೆ ಕಟ್ಟಿರೆಂದು ಬರೆದು ಹಾಕಿದ್ದ. ಎಲ್ಲ ಸೋಸಿದ ಮೇಲೆ ಉಳಿದ ತಕರಾರು ಒಂದೇ. ಮೂಡಣ ಮೂಲೆಯಲ್ಲಿ ಹುಡುಗಿಯರಿಗೆ ಮೆತ್ತನೆಯ ಮಣ್ಣಿನ ಖೋ-ಖೋ ಅಂಕಣವೋ, ಸಭೆ ಸಮಾರಂಭಕ್ಕೂ ಆಗಿಬರುವ ಸಿಮೆಂಟ್ ನೆಲವೋ? ಊರಿನ ಉಳಿದ ಚೀಟಿಗಳು ಸಮಸಮ ಬಿದ್ದಿದ್ದವು. ಅಂಕಣವನ್ನು ಮುಳುಗಿಸಿದವರು ಈ ಹನ್ನೆರಡು ತಾಯಂದಿರೇ.

ಹೆಡ್‌ಮಾಸ್ತರ ಪಾಂಡುರಂಗರಾಯರು ಕೆಟ್ಟವರಲ್ಲ. ಹೆತ್ತವರೇ ಬೇಡವೆಂದರೆ ತಾವೇನು ಮಾಡಲಾದೀತು ಎಂದರು. ನಾಳೆ ಹನ್ನೊಂದಕ್ಕೆ ಠರಾವು ಬರೆಯಬೇಕು, ಅಷ್ಟರೊಳಗೆ ಆ ತಾಯಂದಿರು ಖುದ್ದಾಗಿ ಬಂದು ಮಾತು ಬದಲಿಸಿದರೆ ಹೊಸ ಚೀಟಿ ತೆಗೆದುಕೊಳ್ಳುತ್ತೇನೆ ಎಂದೂ ಹೇಳಿದರು.

ಮಂಜುಳಾಗೆ ಹೊಟ್ಟೆ ಉರಿದದ್ದು ಆ ಅಕ್ಷರಗಳನ್ನು ನೋಡಿ. ಎಲ್ಲ ಅವಳ ಹುಡುಗಿಯರದೇ ಕೈಬರಹ. ಅವರ ಓಣಿಯಲ್ಲಿ ಮೊದಲಿನಿಂದಲೂ ಅದೇ ರೂಢಿ. ರೇಶನ್ ಅರ್ಜಿಯಿರಲಿ, ಸಂಘದ ಕಾಗದವಿರಲಿ, ಓದು ಬಾರದ ತಾಯಿ ಹೇಳುತ್ತಾಳೆ, ಶಾಲೆಗೆ ಹೋಗುವ ಮಗಳು ಬರೆಯುತ್ತಾಳೆ, ತಾಯಿ ಹೆಬ್ಬೆಟ್ಟು ಒತ್ತುತ್ತಾಳೆ. ಪಾಪ, ತಮ್ಮ ಕಾಲಿಗೆ ತಾವೇ ಬೇಡಿ ಹಾಕಿಕೊಳ್ಳುವ ಗತಿ ಬಂತಲ್ಲ ಈ ಮಕ್ಕಳಿಗೆ ಎಂದು ಅವಳಿಗೆ ಅಳುವೇ ಬಂತು.

ಎರಡು ವರ್ಷ ಅವರ ಮೇಲೆ ಜೀವ ಸವೆಸಿದ್ದಳು. ಬೆಳಗಿನ ಐದಕ್ಕೆ ಮೈದಾನ, ಶಾಲೆ ಬಿಟ್ಟ ಮೇಲೆ ಮತ್ತೆ ಮೈದಾನ. ಕಲ್ಲುನೆಲದಲ್ಲಿ ಬಿದ್ದು ಮೊಣಕಾಲು ತರಚಿದರೂ ಯಾರನ್ನೂ ಕೂರಲು ಬಿಟ್ಟವಳಲ್ಲ. ಸೀಟಿಯ ದಾರ ಮೀನಖಂಡಕ್ಕೆ ಒಮ್ಮೆ ಬಿದ್ದರೆ ಕಾಲು ತಾನಾಗಿಯೇ ಏಳುತ್ತದೆ. ಅವಳಿಗೆ ಕಲಿಸಿದವರೂ ಹಾಗೆಯೇ ಕಲಿಸಿದ್ದರು. ಅವಳು ರಾಜ್ಯ ತಂಡದ ಬಾಗಿಲವರೆಗೆ ಹೋಗಿ ತಿರುಗಿ ಬಂದವಳು, ಇವರಾದರೂ ಒಳಗೆ ಕಾಲಿಡಬೇಕು. ಮಕ್ಕಳೂ ಅಂಥವರೇ. ಇಷ್ಟು ದಿನದಲ್ಲಿ ಒಬ್ಬಳೂ ತಲೆಯೆತ್ತಿ ಎದುರು ಮಾತಾಡಿರಲಿಲ್ಲ.

ಇದೆಲ್ಲ ಕಾಡವ್ವನದೇ ಕಿತಾಪತಿ, ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಕಾಡವ್ವ ಹತ್ತಿ ಬಿಡಿಸುವ ಹೆಂಗಸರ ಗುಂಪಿಗೆ ಮುಂದಾಳು. ಅವಳು ಹಾಕಿದ ಗೆರೆಯನ್ನು ಓಣಿಯವರು ದಾಟುವುದಿಲ್ಲ. ಅವಳ ಮಗಳು ರಾಣಿಯೇ ತಂಡದ ಜೀವ. ಹೋದ ವಾರ ಈ ಕಾಡವ್ವ ಮೈದಾನದ ಅಂಚಿಗೆ ಬಂದು, ಅರ್ಧ ತಾಸು ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು ಹೋಗಿದ್ದಳು. ಮಗಳಿಗೆ ಗಂಡು ಗೊತ್ತುಮಾಡಿರಬೇಕು, ಅದಕ್ಕೇ ಆಟ ಬಿಡಿಸುವ ಹುನ್ನಾರ ಎಂದು ಮಂಜುಳಾ ಆಗಲೇ ಲೆಕ್ಕ ಹಾಕಿದ್ದಳು.

ಸಂಜೆ ಅವಳ ಚೀಟಿ ಹಿಡಿದು ಮನೆಗೆ ಹೋದಾಗ ಕಾಡವ್ವ ಹೊಲದಿಂದ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಳು. ಒಳಗೆ ರಾಣಿ ರೊಟ್ಟಿ ಬಡಿಯುವ ಸದ್ದು. ಬರ್ರಿ, ಕುಂತ್ರಿ, ಚಾ ಕುಡೀರಿ ಎಂಬ ಉಪಚಾರ ಯಾವುದಕ್ಕೂ ಮಂಜುಳಾ ಸೊಪ್ಪು ಹಾಕಲಿಲ್ಲ.

“ಮಗಳ ಬಾಳೇ ಹಾಳ ಮಾಡಿದ್ರಲ್ಲ ಕಾಡವ್ವ,” ಎಂದವಳೇ ನಿಂತಲ್ಲೇ ಚೀಟಿ ಓದಿದಳು.

ಒಳಗೆ ರೊಟ್ಟಿಯ ಸದ್ದು ನಿಂತಿತು. ಕಾಡವ್ವ ಚೀಟಿ ಇಸಿದುಕೊಂಡು, ತನ್ನ ಹೆಬ್ಬೆಟ್ಟನ್ನೇ ತಿರುಗಿಸಿ ಮುರುಗಿಸಿ ನೋಡಿದಳು.

“ನಾ ಹಿಂಗ ಬರಿ ಅಂದಿಲ್ರೀ ಅಕ್ಕೋರ. ಮೆತ್ತನ ಮಣ್ಣ ಹಾಕ್ಸರಿ, ನಮ್ಮ ಹುಡಿಗ್ಯಾರ ಆಡ್ಲಿ ಅಂತ ಹೇಳಿದ್ದೆ. ಶಟ್ಟೆವ್ವ, ಬಾಯವ್ವ, ನಾವೆಲ್ಲಾರೂ ಕೂಡೇ ಕುಂತು ಅದನ್ನ ಹೇಳೇವಿ.”

ಹೋದ ವಾರ ಅರ್ಧ ದಿನದ ಕೆಲಸ ಬಿಟ್ಟು ಮಗಳ ಓಟ ನೋಡಲು ಬಂದಿದ್ದಳಂತೆ. ನೋಡುತ್ತ ನೋಡುತ್ತ ಕಣ್ಣು ತುಂಬಿ ಬಂದವಂತೆ. ತನ್ನ ಮಗಳಿಗೆ ರೆಕ್ಕೆ ಕಟ್ಟಿದ ಅಕ್ಕೋರಿಗೆ ಹೀಗೆ ಮಾಡುತ್ತೇನೆಯೇ ಎಂದು ನೊಂದುಕೊಂಡಳು.

ಮಂಜುಳಾಗೆ ಹೋದ ಜೀವ ಬಂದಂತಾಯಿತು. ಎಲ್ಲಿ ಏನು ತಪ್ಪಿತೋ, ತಪ್ಪಲಿ ಬಿಡು. ಬೆಳಗಾದೊಡನೆ ಹನ್ನೆರಡೂ ಮಂದಿಯನ್ನು ಕರೆತಂದು, ಹೆಡ್‌ಮಾಸ್ತರರ ಎದುರೇ ಹೊಸದಾಗಿ ಹೆಬ್ಬೆಟ್ಟು ಒತ್ತಿಸುವುದಾಗಿ ಕಾಡವ್ವ ಮಾತು ಕೊಟ್ಟಳು. ಅಲ್ಲಿಗೆ ಅಂಕಣ ಉಳಿದಂತೆಯೇ. ಮಂಜುಳಾ ಅವಳ ಎರಡೂ ಕೈ ಹಿಡಿದುಕೊಂಡಳು. ನಾಳೆ ಐದಕ್ಕೇ ಎಲ್ಲರೂ ಮೈದಾನಕ್ಕೆ ಬರಬೇಕು, ಜಿಲ್ಲಾ ಪಂದ್ಯ ಹತ್ತಿರ ಬಂತು ಎಂದು ಒಳಗಿದ್ದ ರಾಣಿಗೆ ಕೇಳುವಂತೆ ಕೂಗಿ ಹೇಳಿದಳು.

ರಾಣಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ತಾಯಿಯ ಕಡೆ ತಿರುಗಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಟೀಚರ್ ಮುಖವನ್ನು ನೆಟ್ಟಗೆ ನೋಡಿದಳು.

“ನಾವ ಹನ್ನೆರಡೂ ಮಂದಿ ಮಾತಾಡ್ಕೊಂಡ ಹಂಗ ಬರದೇವ್ರಿ ಟೀಚರ್, ಅಂಕಣ ಇರ್ಲಿಲ್ಲಂದ್ರ ನೀವು ಇನ್ನರ ನಮ್ಮನ್ನ ಬಿಟ್ಟಬಿಡ್ತೀರಿ ಅಂತ.”